ಮಂಡಿ ಲೆಕ್ಕಕ್ಕೆ ಕುಬರ್ನೆಟೀಸ್ ಬೇಕೆ?

ಶ್ರೀನಿವಾಸಪುರದ ಓದುಗರೇ, ಮಾವಿನ ದರ ತಕ್ಷಣವೇ ತೋರಿಸುವ ನಿಮ್ಮ ಡೇಟಾಬೇಸ್ ಕ್ಲಿಕ್‌ಹೌಸ್‌ನಲ್ಲಿ ಕುಬರ್ನೆಟೀಸ್ ಪಾಡ್ ಮರುಶುರುವಾದಾಗ ಡೇಟಾ ಮಾಯವಾಯಿತು ಎಂದಿದ್ದೀರಿ. ಪಾಡ್‌ನೊಳಗೇ ಬರೆದದ್ದು ಪಾಡ್ ಜೊತೆಗೇ ಹೋಗುತ್ತದೆ. ಸ್ಟೇಟ್‌ಫುಲ್‌ಸೆಟ್ ಬಳಸಿ, ಪ್ರತಿ ಪಾಡ್‌ಗೂ ಅದರದೇ ಪರ್ಸಿಸ್ಟೆಂಟ್ ವಾಲ್ಯೂಮ್ ಕೊಡಿ.

ಇನ್ನು ಕ್ಲಿಕ್‌ಹೌಸ್ ‘ಟೂ ಮೆನಿ ಪಾರ್ಟ್ಸ್’ ಎನ್ನುತ್ತದೆ ಎಂಬ ದೂರು. ಸಾಲನ್ನು ಒಂದೊಂದಾಗಿ ಬರೆದರೆ ಪ್ರತಿ ಸಲವೂ ಒಂದು ಹೊಸ ಪಾರ್ಟ್ ಆಗುತ್ತದೆ. ಕೋಲಾರದ ಮಂಡಿಯಲ್ಲಿ ಟೊಮೆಟೊವನ್ನು ಒಂದೊಂದಾಗಿ ಹರಾಜು ಕೂಗುತ್ತಾರೆಯೇ? 15 ಕಿಲೋ ಬಾಕ್ಸ್ ತುಂಬಿಸಿಯೇ ಅಲ್ಲವೇ! ನೀವೂ ಸಾಲುಗಳನ್ನು ಸಾವಿರಗಟ್ಟಲೆ ಕೂಡಿಸಿ, ಸೆಕೆಂಡಿಗೊಮ್ಮೆ ಒಟ್ಟಿಗೆ ಸುರಿಯಿರಿ.

ರೆಪ್ಲಿಕಾ ಇಡುವುದಾದರೆ, ಅವುಗಳನ್ನು ಹೊಂದಿಸುವ ಕೀಪರ್ 3 ಇರಲಿ. 2 ಇದ್ದು ಒಂದು ಬಿದ್ದರೆ ಬಹುಮತವಿಲ್ಲ. ಟೇಬಲ್ ಓದಲಷ್ಟೇ ಸಿಗುತ್ತದೆ, ಬರೆಯಲಾಗದು.

ಆದರೆ ಮಾಲೂರು, ಮುಳಬಾಗಿಲು ಸೇರಿ ನಾಲ್ಕೇ ಮಂಡಿಯ ಲೆಕ್ಕವಾದರೆ, ನನ್ನ ಕೇಳಿದರೆ, ಕ್ಲಸ್ಟರ್ ಗೋಜೇ ಬೇಡ. ಒಂದು ಸರ್ವರ್, ರಾತ್ರಿ ಬೇರೆಡೆಗೆ ಬ್ಯಾಕಪ್, ಸಾಕು.