ಹಗಲಿನ ಬಿಸಿಲು, ಸಂಜೆಯ ದೀಪ: ವಿದ್ಯುತ್ ವ್ಯವಸ್ಥೆಯ ಪರಿವರ್ತನೆ

ಪಾಠದ ಆಶಯ
ವಿದ್ಯುತ್ತು ಉತ್ಪಾದನೆ, ಪ್ರಸರಣ, ವಿತರಣೆ ಎಂಬ ಮೂರು ಹಂತಗಳನ್ನು ದಾಟಿ ಮನೆಗೆ ಬರುವುದನ್ನು ಮಕ್ಕಳು ಅರಿಯಬೇಕು. ಆ ವ್ಯವಸ್ಥೆ ಏಕೆ ಬದಲಾಗುತ್ತಿದೆ ಎಂಬುದನ್ನು ಲೆಕ್ಕದ ಮೂಲಕ ವಿವರಿಸಲು ಸಮರ್ಥರಾಗಬೇಕು.

ವಿಷಯ ವಿವರಣೆ
1948ರ ಕಾಯಿದೆಯ ಪ್ರಕಾರ ರಾಜ್ಯಗಳಲ್ಲಿ ವಿದ್ಯುತ್ ಮಂಡಳಿಗಳು ರೂಪುಗೊಂಡವು. ಕೇರಳದ ಮಂಡಳಿ 1957ರಲ್ಲಿ ಸ್ಥಾಪಿತವಾಯಿತು. ಮೂರೂ ಹಂತಗಳು ಒಂದೇ ಸಂಸ್ಥೆಯ ಕೈಯಲ್ಲಿದ್ದವು. 2003ರ ವಿದ್ಯುಚ್ಛಕ್ತಿ ಕಾಯಿದೆ ಮಂಡಳಿಗಳ ಪುನರ್ರಚನೆಯನ್ನು ವಿಧಿಸಿತು. ಅದಕ್ಕೂ ಮೊದಲೇ ಕರ್ನಾಟಕವು ವಿತರಣೆಯನ್ನು ಪ್ರಾದೇಶಿಕ ಕಂಪೆನಿಗಳಿಗೆ ವಹಿಸಿತ್ತು. ಆದುದರಿಂದ ತಲಪಾಡಿಯ ಆಚೆಗೆ ಮೆಸ್ಕಾಂ ವಿದ್ಯುತ್ತನ್ನು ಒದಗಿಸುತ್ತದೆ. ಕೇರಳವಾದರೋ 2013ರಲ್ಲಿ ಮಂಡಳಿಯ ಹೊಣೆಯನ್ನು ಸರ್ಕಾರದ ಒಡೆತನದ ಒಂದೇ ಕಂಪೆನಿಗೆ ವರ್ಗಾಯಿಸಿತು.

ಇದಕ್ಕಿಂತಲೂ ಆಳವಾದ ಬದಲಾವಣೆ ಉತ್ಪಾದನೆಯಲ್ಲಿದೆ. ತಂತಿಯಲ್ಲಿ ವಿದ್ಯುತ್ತನ್ನು ಕೂಡಿಡಲಾಗದು. ಬಳಕೆ ಎಷ್ಟೋ ಉತ್ಪಾದನೆಯೂ ಆ ಕ್ಷಣದಲ್ಲಿ ಅಷ್ಟೇ ಇರಬೇಕು. 780 ಮೆಗಾವ್ಯಾಟ್ ಸಾಮರ್ಥ್ಯದ ಇಡುಕ್ಕಿ ಯೋಜನೆಯಲ್ಲಿ ಜಲಾಶಯವೇ ಉಗ್ರಾಣ. ಬೇಕಾದಾಗ ನೀರು ಬಿಟ್ಟರಾಯಿತು. ಸೂರ್ಯನಿಗೆ ಅಂತಹ ತೂಬಿಲ್ಲ. ಚಾವಣಿಯ ಸೌರಫಲಕಗಳು ಮಧ್ಯಾಹ್ನ ಹೇರಳವಾಗಿ ನೀಡುತ್ತವೆ. ಕೇರಳದಲ್ಲಿ ಬೇಡಿಕೆ ಏರುವುದು ಸಂಜೆ 6ರಿಂದ 10ರವರೆಗೆ. ಹೀಗಾಗಿ ಒಂದು ಯೂನಿಟ್‌ನ ಬೆಲೆಯನ್ನು ಅದು ಯಾವ ಹೊತ್ತಿನದು ಎಂಬುದೂ ನಿರ್ಧರಿಸತೊಡಗಿದೆ.

ಈ ಅಂತರವನ್ನು ತುಂಬಲು ನಮ್ಮ ಜಿಲ್ಲೆಯ ಮೈಲಾಟ್ಟಿಯಲ್ಲಿ 125 ಮೆಗಾವ್ಯಾಟ್ ಸಾಮರ್ಥ್ಯದ, 500 ಮೆಗಾವ್ಯಾಟ್-ಗಂಟೆ ಸಂಗ್ರಹಿಸಬಲ್ಲ ಬ್ಯಾಟರಿ ಕೇಂದ್ರವನ್ನು ಯೋಜಿಸಲಾಗಿದೆ.

ಚಟುವಟಿಕೆ 1
1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಉರಿದರೆ ಒಂದು ಯೂನಿಟ್. 10 ವ್ಯಾಟಿನ ಎಲ್.ಇ.ಡಿ. ದೀಪ ಎಷ್ಟು ಗಂಟೆ ಉರಿದರೆ ಒಂದು ಯೂನಿಟ್ ಆಗುತ್ತದೆ? (100 ಗಂಟೆ.) ಮೈಲಾಟ್ಟಿಯ ಬ್ಯಾಟರಿ ಪೂರ್ಣ ಸಾಮರ್ಥ್ಯದಲ್ಲಿ ಎಷ್ಟು ಹೊತ್ತು ವಿದ್ಯುತ್ ನೀಡೀತು? (500 ÷ 125 = 4 ಗಂಟೆ.) ಒಂದು ಮನೆಗೆ ಸಂಜೆ 2 ಯೂನಿಟ್ ಸಾಕೆಂದು ಭಾವಿಸಿದರೆ, ನಷ್ಟವನ್ನು ಬಿಟ್ಟು, ಎಷ್ಟು ಮನೆಗಳಿಗೆ ಸಾಲುತ್ತದೆ? (5,00,000 ÷ 2 = 2,50,000.) ನಾಲ್ಕು ಗಂಟೆ ಎಂಬ ಉತ್ತರವನ್ನು ಸಂಜೆಯ ಬೇಡಿಕೆಯ ಅವಧಿಯೊಡನೆ ಹೋಲಿಸಲು ಮಕ್ಕಳಿಗೇ ಬಿಡಿರಿ.

ಚಟುವಟಿಕೆ 2
ಮನೆಯ ಬಿಲ್ಲನ್ನು ತರಿಸಿ, ಅದರಲ್ಲಿರುವ ಪದಗಳಿಗೆ ಸಮನಾದ ಕನ್ನಡ ಪದಗಳನ್ನು ಕರಿಹಲಗೆಯ ಮೇಲೆ ಬರೆಸಿರಿ: ಸ್ಥಿರ ಶುಲ್ಕ, ಬಳಕೆಯ ಶುಲ್ಕ, ಮಾಪಕದ ಓದು. ಮನೆಗೆ ಬರುವ ಕಾಗದವನ್ನು ತನ್ನ ಭಾಷೆಯಲ್ಲಿ ಅರ್ಥೈಸಬಲ್ಲ ಮಗು ಹಿರಿಯರಿಗೂ ನೆರವಾಗಬಲ್ಲದು.

ಚರ್ಚೆ
ಸೌರಫಲಕವುಳ್ಳ ಮನೆಯವರು ಹಗಲಿನಲ್ಲಿ ಹೆಚ್ಚಿನ ವಿದ್ಯುತ್ತನ್ನು ಜಾಲಕ್ಕೆ ಕೊಟ್ಟು, ಸಂಜೆ ಅದೇ ಜಾಲದಿಂದ ಪಡೆಯುತ್ತಾರೆ. ಫಲಕ ಹಾಕಿಸಲು ಅವರು ಸ್ವಂತ ಹಣ ತೊಡಗಿಸಿದ್ದಾರೆ. ಆದರೆ ಕಂಬ, ತಂತಿ, ಪರಿವರ್ತಕ, ಮಳೆಯಲ್ಲಿ ಕಂಬವೇರುವ ಲೈನ್‌ಮ್ಯಾನ್ ಎಲ್ಲರಿಗೂ ಬೇಕು. ಆ ವೆಚ್ಚದ ಹಂಚಿಕೆ ಹೇಗಿರಬೇಕು? ಹೆಂಚಿನ ಪುಟ್ಟ ಮನೆಯವರ ಮತ್ತು ಫಲಕ ಹಾಕಿಸಿದವರ ಪರವಾಗಿ ಎರಡು ಗುಂಪುಗಳು ವಾದ ಮಂಡಿಸಲಿ. ಅನಂತರ ಪಕ್ಷ ಬದಲಿಸಲಿ. ಅಧ್ಯಾಪಕರು ತೀರ್ಪು ನೀಡಬಾರದು.

ಮೌಲ್ಯಮಾಪನ
“ಮಧ್ಯಾಹ್ನ ವಿದ್ಯುತ್ತು ಹೇರಳವಾಗಿದ್ದರೂ ಸಂಜೆ ಕೊರತೆಯಾಗಬಹುದು.” ಕಾರಣವನ್ನೂ ಎರಡು ಪರಿಹಾರಗಳನ್ನೂ ಐದು ವಾಕ್ಯಗಳಲ್ಲಿ ಬರೆಯಿರಿ.