ದಂಡ ಕಟ್ಟಿದರೆ ಮುಗಿಯಿತೆ?

ಭದ್ರಾವತಿಯಲ್ಲಿ ಒಂದು ಹೊಸಮನೆಯುಂಟು. ಶಿವಮೊಗ್ಗದಲ್ಲಿಯೂ ಒಂದು ಹೊಸಮನೆಯುಂಟು. ನಮ್ಮ ಮನೆಯಿರುವುದು ಮೊದಲನೆಯದರಲ್ಲಿ, ಸೋದರಮಾವನ ಮನೆಯಿರುವುದು ಎರಡನೆಯದರಲ್ಲಿ. ಇವೆರಡರ ನಡುವೆ ಬೆಂಗಳೂರು–ಹೊನ್ನಾವರ ರಸ್ತೆ, ಎಂದರೆ ನಾವೆಲ್ಲ ಬಿ.ಎಚ್. ರಸ್ತೆಯೆಂದು ಕರೆಯುವ ಹೆದ್ದಾರಿ, ಸುಮಾರು 20 ಕಿಲೋಮೀಟರು ಸಾಗುತ್ತದೆ. ಲೈಸೆನ್ಸು ಕೈಗೆ ಬಂದ ಹೊಸದರಲ್ಲಿ ನಾನೊಂದು ದಿನ ತಂದೆಯವರ ಬೈಕನ್ನೇರಿ ಒಂದು ಹೊಸಮನೆಯಿಂದ ಇನ್ನೊಂದಕ್ಕೆ ಹೊರಟೆ. ಹೆಲ್ಮೆಟ್ಟು ನನ್ನೊಡನೆ ಇತ್ತು. ಆದರೆ ತಲೆಯ ಮೇಲಲ್ಲ, ಮೊಣಕೈಯಲ್ಲಿ. ಶಿವಮೊಗ್ಗ ಸಮೀಪಿಸುತ್ತಿದ್ದಂತೆ ಪೋಲೀಸರು ಕೈ ಅಡ್ಡ ಹಿಡಿದರು. 500 ರೂಪಾಯಿ ದಂಡ ಕಟ್ಟಿ, ಚೀಟಿಯನ್ನು ಜೇಬಿಗೆ ತುರುಕಿಕೊಂಡು ಹೊರಡಲನುವಾದೆ.

ಆಗ ಆ ಅಧಿಕಾರಿಗಳು, “ಏನಪ್ಪಾ, ಚೀಟಿ ಓದಿದೆಯಾ?” ಎಂದು ಕೇಳಿದರು.

“ಓದೋದೇನಿದೆ ಸಾರ್? ದಂಡ ಕಟ್ಟಾಯಿತಲ್ಲ” ಎಂದೆ.

“ಕಟ್ಟಿದರೆ ಮುಗಿದುಹೋಯಿತು ಅಂತ ನಿನಗೆ ಯಾರು ಹೇಳಿದರು?” ಎಂದು ನಕ್ಕು ಅವರು ಮುಂದಿನ ಗಾಡಿಯ ಕಡೆ ತಿರುಗಿದರು.

ನಾನು ಐಚ್ಛಿಕ ಕನ್ನಡದ ವಿದ್ಯಾರ್ಥಿ. ಹಳಗನ್ನಡದ ಪದ್ಯವನ್ನು ಬಿಡಿಸಿ ಅನ್ವಯ ಹೇಳಬಲ್ಲೆ. ಆದರೆ ನನ್ನದೇ ಹೆಸರು ಬರೆದಿದ್ದ ಗೇಣುದ್ದದ ಕಾಗದವೊಂದನ್ನು ಓದುವ ಗೋಜಿಗೆ ಹೋಗಿರಲಿಲ್ಲ. ಆ ನಾಚಿಕೆಯಿಂದ ಮೋಟಾರು ವಾಹನಗಳ ಕಾಯಿದೆಯನ್ನು ಓದತೊಡಗಿದೆ. ಓದಿ ತಿಳಿದುದನ್ನು ಸಹಪಾಠಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ. ನಾನು ಕಾನೂನು ಪಂಡಿತನಲ್ಲ. ಆದ್ದರಿಂದ ವಿದ್ಯಾರ್ಥಿಗಳಾದ ನಮಗೆ ನೇರವಾಗಿ ತಟ್ಟುವ ಅಂಶಗಳನ್ನಷ್ಟೇ ಆರಿಸಿಕೊಂಡಿದ್ದೇನೆ.

ಮೊದಲು ಲೈಸೆನ್ಸಿನ ವಿಚಾರ. ನಮ್ಮ ದೇಶದಲ್ಲಿ ಮೋಟಾರು ವಾಹನಗಳಿಗಾಗಿ 1914ರಲ್ಲಿ ಒಂದು ಕಾಯಿದೆ, 1939ರಲ್ಲಿ ಮತ್ತೊಂದು ಕಾಯಿದೆ ಬಂದವು. ಈಗ ಜಾರಿಯಲ್ಲಿರುವುದು 1988ರ ಕಾಯಿದೆ. ಅದು 1989ರ ಜುಲೈ 1ರಿಂದ ಜಾರಿಗೆ ಬಂದಿತು. 2019ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಗಿ ದಂಡದ ಮೊತ್ತಗಳು ಏರಿದವು. ಈ ಕಾಯಿದೆಯ 3ನೆಯ ಪ್ರಕರಣದ ಸಾರವಿಷ್ಟೆ: ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸುವವನ ಬಳಿ ಆ ವಾಹನಕ್ಕೆ ಸಲ್ಲುವ, ಅವಧಿ ಮೀರದ ಲೈಸೆನ್ಸು ಇರಬೇಕು. ‘ಆ ವಾಹನಕ್ಕೆ ಸಲ್ಲುವ’ ಎಂಬ ಮಾತನ್ನು ಗಮನಿಸಬೇಕು. ಗೇರಿಲ್ಲದ ಸ್ಕೂಟರಿಗೆ ಪಡೆದ ಲೈಸೆನ್ಸು ಗೇರಿರುವ ಬೈಕಿಗೆ ಸಲ್ಲುವುದಿಲ್ಲ; ಬೈಕಿನದು ಕಾರಿಗೆ ಸಲ್ಲುವುದಿಲ್ಲ.

ವಯಸ್ಸಿನ ವಿಷಯದಲ್ಲಿ ನಮ್ಮ ಊರುಗಳಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ‘ಗೇರಿಲ್ಲದ ಗಾಡಿಯಾದರೆ 16 ವರ್ಷಕ್ಕೇ ಓಡಿಸಬಹುದು’ ಎಂದು ಅನೇಕ ತಂದೆತಾಯಿಗಳು ನಂಬಿದ್ದಾರೆ. ಕಾಯಿದೆಯ 4ನೆಯ ಪ್ರಕರಣ ಹೇಳುವುದು ಬೇರೆ. 16 ವರ್ಷಕ್ಕೆ ಅನುಮತಿಯಿರುವುದು ಎಂಜಿನ್ನಿನ ಗಾತ್ರ 50 ಸಿ.ಸಿ. ಮೀರದ ಗಾಡಿಗೆ ಮಾತ್ರ. ಇಂದು ಮನೆಮನೆಯ ಮುಂದೆ ನಿಂತಿರುವ ಪೆಟ್ರೋಲ್ ಸ್ಕೂಟರುಗಳು 110 ಅಥವಾ 125 ಸಿ.ಸಿ.ಯವು. ಗೇರಿಲ್ಲದ ಮಾತ್ರಕ್ಕೆ ಅವು 50 ಸಿ.ಸಿ.ಯವಾಗುವುದಿಲ್ಲ. ಹೀಗಾಗಿ ಅವನ್ನು ಓಡಿಸಲು 18 ವರ್ಷ ತುಂಬಿರಲೇಬೇಕು.

ಲೈಸೆನ್ಸು ಪಡೆಯುವ ಕ್ರಮದಲ್ಲಿ ಎರಡು ಮೆಟ್ಟಿಲುಗಳಿವೆ. ಮೊದಲನೆಯದು ಕಲಿಯುವವರ ಲೈಸೆನ್ಸು, ನಮ್ಮ ಆಡುಮಾತಿನಲ್ಲಿ ಎಲ್.ಎಲ್. ರಸ್ತೆಯ ಚಿಹ್ನೆಗಳು, ಸಂಜ್ಞೆಗಳು, ಚಾಲಕನ ಕರ್ತವ್ಯಗಳು ಇವುಗಳ ಮೇಲೆ ಪ್ರಶ್ನೆಗಳಿರುತ್ತವೆ; ನೂರಕ್ಕೆ 60ರಷ್ಟಾದರೂ ಸರಿಯುತ್ತರ ಬರಬೇಕು. ಈ ಲೈಸೆನ್ಸಿನ ಅವಧಿ 6 ತಿಂಗಳು. ಅದಿರುವವರೆಗೆ ಬಿಳಿಯ ಹಿನ್ನೆಲೆಯಲ್ಲಿ ಕೆಂಪು ಬಣ್ಣದ ‘ಎಲ್’ ಅಕ್ಷರ ಗಾಡಿಯ ಹಿಂದೆಯೂ ಮುಂದೆಯೂ ಇರಬೇಕು. ಜೊತೆಯಲ್ಲಿ ಪೂರ್ಣ ಲೈಸೆನ್ಸುಳ್ಳ ಕಲಿಸುವವರಿರಬೇಕು. ಬೈಕಿನ ಹಿಂದೆ ಗೆಳೆಯರನ್ನು ಕೂರಿಸಿಕೊಂಡು ತಿರುಗುವಂತಿಲ್ಲ. ಎಲ್.ಎಲ್. ಪಡೆದು 30 ದಿನಗಳಾದ ಮೇಲೆ ಎರಡನೆಯ ಮೆಟ್ಟಿಲಾದ ಚಾಲನಾ ಪರೀಕ್ಷೆಗೆ ಹೋಗಬಹುದು. ಶಿವಮೊಗ್ಗದವರಿಗೆ ಅದು ಕೆ.ಎ. 14 ಎಂಬ ಸಂಖ್ಯೆಯ ಪ್ರಾದೇಶಿಕ ಸಾರಿಗೆ ಕಚೇರಿಯ ಕೆಲಸ. 2019ರ ತಿದ್ದುಪಡಿಯಂತೆ, 30 ವರ್ಷ ತುಂಬುವ ಮೊದಲೇ ಪಡೆದ ಲೈಸೆನ್ಸು 40 ವರ್ಷ ವಯಸ್ಸಾಗುವವರೆಗೆ ಸಲ್ಲುತ್ತದೆ. ಎಂದರೆ ನಾವು ಇಂದು ಬರೆಯುವ ಒಂದು ಸಣ್ಣ ಪರೀಕ್ಷೆಯ ಮೇಲೆ ಸರ್ಕಾರ ನಮ್ಮನ್ನು ಸುಮಾರು 20 ವರ್ಷಗಳ ಕಾಲ ನಂಬುತ್ತದೆ. ಬೇರೆ ಯಾವ ಪರೀಕ್ಷೆಗೂ ಇಷ್ಟು ದೊಡ್ಡ ನಂಬಿಕೆಯ ಬಹುಮಾನವಿಲ್ಲ.

ಇನ್ನು ಚಲನ್ನಿನ ವಿಚಾರ. ಪರೀಕ್ಷಾ ಶುಲ್ಕವನ್ನು ಚಲನ್ನಿನ ಮೂಲಕ ಕಟ್ಟಿ ರೂಢಿಯಿರುವ ನಮಗೆ ಅದು ಹಣ ಸಂದಾಯದ ಕಾಗದವೆಂದೇ ತೋರುತ್ತದೆ. ರಸ್ತೆಯಲ್ಲಿ ಕೊಡುವ ಚಲನ್ ಹಾಗಲ್ಲ. ಇಂಥ ದಿನ, ಇಂಥ ಸ್ಥಳದಲ್ಲಿ, ಇಂಥ ಪ್ರಕರಣದಡಿ ನೀನು ಅಪರಾಧ ಮಾಡಿದ್ದೀಯೆ ಎಂಬ ಆಪಾದನೆಯ ಪತ್ರ ಅದು. ಕಾಯಿದೆಯ 200ನೆಯ ಪ್ರಕರಣ ಕೆಲವು ಅಪರಾಧಗಳನ್ನು ನ್ಯಾಯಾಲಯಕ್ಕೆ ಹೋಗದೆ ಅಲ್ಲಿಯೇ ಹಣ ಕಟ್ಟಿ ರಾಜಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ನಾನು ಕಟ್ಟಿದ 500 ರೂಪಾಯಿ ಹೀಗೆ ರಾಜಿಯ ಹಣ.

ಎಲ್ಲ ಅಪರಾಧಗಳಿಗೂ ಈ ರಾಜಿಯಿಲ್ಲ. ಕುಡಿದು ವಾಹನ ಓಡಿಸುವುದು ಅಂಥ ಒಂದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ 185ನೆಯ ಪ್ರಕರಣ ಅನ್ವಯಿಸುತ್ತದೆ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ ಎಂದು 2019ರ ತಿದ್ದುಪಡಿ ವಿಧಿಸಿತು. ಆತ ನ್ಯಾಯಾಧೀಶರ ಮುಂದೆ ನಿಲ್ಲಲೇಬೇಕು.

ರಾಜಿಯಾಗಬಲ್ಲ ಅಪರಾಧವೂ ಹಣದಿಂದ ಪೂರ್ತಿ ತೊಳೆದುಹೋಗುವುದಿಲ್ಲ. ಆ ಅಧಿಕಾರಿಗಳು ನಕ್ಕುದರ ಅರ್ಥ ನನಗೆ ಹೊಳೆದದ್ದು ಇಲ್ಲಿಗೆ ಬಂದಾಗ. ಹೆಲ್ಮೆಟ್ಟಿಲ್ಲದೆ ಓಡಿಸಿದವನಿಗೆ 194ಡಿ ಪ್ರಕರಣ ಎರಡು ಶಿಕ್ಷೆಗಳನ್ನು ಹೇಳುತ್ತದೆ: 1,000 ರೂಪಾಯಿ ದಂಡ, ಮತ್ತು 3 ತಿಂಗಳ ಕಾಲ ಲೈಸೆನ್ಸಿಗೆ ಅನರ್ಹತೆ. ನಮ್ಮ ರಾಜ್ಯ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ರಾಜಿಯ ಮೊತ್ತವನ್ನು 500ಕ್ಕೆ ಇಳಿಸಿತು. ಇಳಿಸಿದ್ದು ಹಣವನ್ನು ಮಾತ್ರ, ಲೈಸೆನ್ಸಿನ ಮಾತನ್ನಲ್ಲ. 206ನೆಯ ಪ್ರಕರಣದಂತೆ ಪೋಲೀಸ್ ಅಧಿಕಾರಿ ಲೈಸೆನ್ಸನ್ನು ವಶಕ್ಕೆ ಪಡೆದು, ಅನರ್ಹತೆಯ ವಿಚಾರಣೆಗಾಗಿ ಸಾರಿಗೆ ಕಚೇರಿಗೆ ಕಳುಹಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ ಅತಿವೇಗ, ಅಪಾಯಕರ ಚಾಲನೆ, ಕುಡಿತ ಇವುಗಳ ಜೊತೆಗೆ ಹೆಲ್ಮೆಟ್ಟಿಲ್ಲದ ಸವಾರಿಯೂ ಇದೆ. ಹಣ ಕಟ್ಟಿ ರಾಜಿ ಮಾಡಿಕೊಂಡರೂ ಈ ವಿಚಾರಣೆಯಿಂದ ಬಿಡುಗಡೆಯಿಲ್ಲವೆಂದು 200ನೆಯ ಪ್ರಕರಣವೇ ಸ್ಪಷ್ಟಪಡಿಸಿದೆ. ಕೆಂಪು ದೀಪ ದಾಟುವುದು, ಮೊಬೈಲು ಕೈಯಲ್ಲಿ ಹಿಡಿದು ಓಡಿಸುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಇವೂ ಇಂದು 184ನೆಯ ಪ್ರಕರಣದ ಅಪಾಯಕರ ಚಾಲನೆಯೊಳಗೇ ಸೇರಿವೆ. ಅಂದು ನನ್ನ ಲೈಸೆನ್ಸು ಜೇಬಿನಲ್ಲಿಯೇ ಉಳಿದದ್ದು ನನ್ನ ಅದೃಷ್ಟ. ಅದು ನನ್ನ ಹಕ್ಕಾಗಿರಲಿಲ್ಲ.

ಚಲನ್ ಪಡೆದವನಿಗೆ ಹಕ್ಕುಗಳೂ ಉಂಟು. ಕಾಗದಪತ್ರಗಳನ್ನು ತೋರಿಸೆಂದು ಕೇಳುವ ಪೋಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬೇಕು. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ಲೈಸೆನ್ಸು ಕಾಗದದ ಲೈಸೆನ್ಸಿನಷ್ಟೇ ಸಲ್ಲುತ್ತದೆ. ಆದರೆ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡ ಬರಿಯ ಫೋಟೋ ಸಲ್ಲುವುದಿಲ್ಲ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ ಪಡೆಯಬೇಕು. ರಸೀದಿಯಿಲ್ಲದೆ ಕೊಟ್ಟ ಹಣಕ್ಕೆ ದಂಡವೆಂಬ ಹೆಸರಿಲ್ಲ. ಅದರ ಹೆಸರು ಎಲ್ಲರಿಗೂ ಗೊತ್ತು. ತಾನು ತಪ್ಪು ಮಾಡಿಲ್ಲವೆಂದು ನಂಬಿದವನು ಸುಮ್ಮನೆ ಹಣ ಕಟ್ಟಬೇಕೆಂದಿಲ್ಲ. ನಿಗದಿಯಾದ ಅವಧಿಯೊಳಗೆ ಆಕ್ಷೇಪಿಸಲು ದಾರಿಯಿದೆ. ಕಟ್ಟುವುದೂ ಇಲ್ಲ, ಆಕ್ಷೇಪಿಸುವುದೂ ಇಲ್ಲ ಎಂದು ಕೂರುವುದೇ ಎಲ್ಲಕ್ಕಿಂತ ಕೆಟ್ಟ ದಾರಿ.

ಈ ಮೂರನೆಯ ದಾರಿ ಹಿಡಿದವರ ಸಂಖ್ಯೆ ನಮ್ಮ ರಾಜ್ಯದಲ್ಲಿ ಸಣ್ಣದಲ್ಲ. ಬಾಕಿ ಬಿದ್ದ ದಂಡಗಳನ್ನು ವಸೂಲು ಮಾಡಲು ಸರ್ಕಾರ 2023ರ ಫೆಬ್ರವರಿಯಲ್ಲಿ ಅರ್ಧದಷ್ಟು ರಿಯಾಯಿತಿ ಘೋಷಿಸಬೇಕಾಯಿತು. ಜನ ಸಾಲುಗಟ್ಟಿ ನಿಂತು ಕಟ್ಟಿದರು. ಬಾಕಿ ತೀರಿತೆಂಬುದು ಸಂತೋಷ. ಆದರೆ ಇದರಿಂದ ನಮ್ಮ ಮನಸ್ಸಿನಲ್ಲಿ ಒಂದು ಕೆಟ್ಟ ಎಣಿಕೆ ಹುಟ್ಟುವ ಭಯವಿದೆ. ತಪ್ಪಿಗೆ ಒಂದು ದರವುಂಟು, ಕಾದರೆ ಆ ದರ ಇಳಿಯುತ್ತದೆ, ದರ ಕೊಟ್ಟವನು ತಪ್ಪು ಮಾಡಬಹುದು ಎಂಬುದೇ ಆ ಎಣಿಕೆ. ದಂಡವೆಂಬುದು ತಪ್ಪಿನ ಬೆಲೆಯಲ್ಲ. ಅದನ್ನು ಬೆಲೆಯೆಂದು ತಿಳಿದರೆ ಹಣವುಳ್ಳವನಿಗೆ ಒಂದು ರಸ್ತೆ, ಇಲ್ಲದವನಿಗೆ ಇನ್ನೊಂದು ರಸ್ತೆ ಎಂದಾಗುತ್ತದೆ. ಹಣವಿದ್ದವನ ಗಾಡಿ ತಾಕಿದರೂ, ಇಲ್ಲದವನ ಗಾಡಿ ತಾಕಿದರೂ ಮುರಿಯುವ ಮೂಳೆ ಒಂದೇ.

ನಾನು ಹೀಗೆ ಓದುತ್ತಿದ್ದ ದಿನಗಳಲ್ಲಿಯೇ ಮನೆಯಲ್ಲಿ ಇನ್ನೊಂದು ಮಾತು ನಡೆಯುತ್ತಿತ್ತು. ನನ್ನ ತಮ್ಮನಿಗೆ 17 ವರ್ಷ, ದ್ವಿತೀಯ ಪಿ.ಯು.ಸಿ. ಓದುತ್ತಿದ್ದಾನೆ. ಬೆಳಗಿನ ಟ್ಯೂಷನ್ನಿಗೆ ಹೋಗಲು ಅಮ್ಮನ ಸ್ಕೂಟರನ್ನು ಕೊಡಿಸೆಂದು ಹಟ ಹಿಡಿದಿದ್ದ. ತಂದೆಯವರು ಒಪ್ಪುವ ಹಂತಕ್ಕೆ ಬಂದಿದ್ದರು. “ಹತ್ತಿರದ ದಾರಿ, ಹಿಡಿದರೆ ಐನೂರೋ ಸಾವಿರವೋ ಕಟ್ಟಿದರಾಯಿತು” ಎಂದರು. ಅಂದು ರಾತ್ರಿ ನಾನು ಅವರಿಗೆ 199ಎ ಪ್ರಕರಣವನ್ನು ಓದಿ ಹೇಳಿದೆ.

2019ರಲ್ಲಿ ಸೇರಿಸಿದ ಆ ಪ್ರಕರಣದಂತೆ, ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ಅಪರಾಧ ಮಾಡಿದರೆ ತಪ್ಪಿತಸ್ಥರೆನಿಸುವವರು ಅವನ ಪೋಷಕರು ಅಥವಾ ವಾಹನದ ಒಡೆಯರು. ತಮಗೆ ತಿಳಿಯದೆ ನಡೆಯಿತೆಂದೋ, ತಡೆಯಲು ತಕ್ಕ ಎಚ್ಚರ ವಹಿಸಿದ್ದೆವೆಂದೋ ಸಾಧಿಸುವ ಹೊಣೆ ಅವರದೇ. ಶಿಕ್ಷೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್.ಎಲ್. ಕೂಡ ಸಿಗುವುದಿಲ್ಲ. ನಮ್ಮ ಜಿಲ್ಲೆಯ ನ್ಯಾಯಾಲಯಗಳು ಮಕ್ಕಳ ಕೈಗೆ ಬೈಕು ಕೊಟ್ಟವರಿಗೆ 25,000 ರೂಪಾಯಿ ದಂಡ ಹಾಕಿದ ಸುದ್ದಿಯನ್ನು ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಅನೇಕ ಸಲ ಓದಿದ್ದೇವೆ. ಅದು ನಮಗಲ್ಲವೆಂದು ಪುಟ ತಿರುವಿದ್ದೆವು, ಅಷ್ಟೆ.

ತಂದೆಯವರು ನಡೆಸುವುದು ಸಣ್ಣ ಅಂಗಡಿ. 25,000 ಎಂದೊಡನೆ ಅವರು ಸುಮ್ಮನಾದರು. ಅದಕ್ಕಿಂತಲೂ ದೊಡ್ಡ ವಿಷಯವೊಂದು ಉಳಿದಿತ್ತು, ಅದು ವಿಮೆಯದು. 146ನೆಯ ಪ್ರಕರಣದಂತೆ ಪ್ರತಿ ವಾಹನಕ್ಕೂ ಮೂರನೆಯವರ ವಿಮೆ ಕಡ್ಡಾಯ. ನಮ್ಮ ಗಾಡಿಯಿಂದ ದಾರಿಹೋಕನಿಗೆ ಏಟಾದರೆ ಪರಿಹಾರ ಕೊಡಲೆಂದೇ ಅದಿರುವುದು. ಆದರೆ ಓಡಿಸಿದವನಿಗೆ ಲೈಸೆನ್ಸಿಲ್ಲದಿದ್ದರೆ ವಿಮಾ ಕಂಪನಿ ತನ್ನ ಹೊಣೆಯನ್ನು ನಿರಾಕರಿಸಿ ವಾದಿಸಬಹುದು. ಸ್ವರಣ್ ಸಿಂಗ್ ಪ್ರಕರಣದಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ವಿಷಯವನ್ನು ವಿವರವಾಗಿ ವಿಚಾರಿಸಿತು. ನೊಂದವರು ಬರಿಗೈಯಲ್ಲಿ ಹೋಗಬಾರದೆಂದು, ಕಂಪನಿಯು ಮೊದಲು ಅವರಿಗೆ ಪರಿಹಾರ ಕೊಟ್ಟು, ಆಮೇಲೆ ನಿಯಮ ಮುರಿದ ಒಡೆಯನಿಂದ ಆ ಹಣವನ್ನು ವಸೂಲು ಮಾಡುವ ಮಾರ್ಗವನ್ನು ಅದು ಎತ್ತಿಹಿಡಿಯಿತು. ಸಾವುನೋವಿನ ಪರಿಹಾರ ಲಕ್ಷಗಳಲ್ಲಿರುತ್ತದೆ. ಲೈಸೆನ್ಸಿಲ್ಲದ ಮಗನ ಕೈಗೆ ತಂದೆ ಕೊಡುವ ಬೀಗದ ಕೈ, ಅಂಗಡಿಯ ಬೀಗದ ಕೈಯೂ ಆಗಬಹುದು, ಮನೆಯ ಬೀಗದ ಕೈಯೂ ಆಗಬಹುದು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ನಮ್ಮ ಕಡೆಯ ಹಿರಿಯರು ದಿನವೂ ಆಡುವ ಗಾದೆ. ಐನೂರು ರೂಪಾಯಿಯ ತಪ್ಪಿಗೂ ಅದು ಸಲ್ಲುತ್ತದೆ. ತಪ್ಪು ಸಣ್ಣದಿರುವಾಗ ಅದನ್ನು ನಿಲ್ಲಿಸಿ ಎಚ್ಚರಿಸುವ ಚೀಟಿಯೇ ಚಲನ್. ಅದನ್ನು ಓದಿದವನಿಗೆ ಅದು ಪಾಠ. ಓದದವನಿಗೆ ಬರಿಯ ಖರ್ಚು.

ಈಗ ತಮ್ಮ ಬೆಳಿಗ್ಗೆ ಬಸ್ಸಿನಲ್ಲಿಯೇ ಟ್ಯೂಷನ್ನಿಗೆ ಹೋಗುತ್ತಾನೆ. ನನ್ನ ಮೇಲೆ ಅವನಿಗೆ ಸ್ವಲ್ಪ ಕೋಪವಿದೆ. ಸ್ಕೂಟರಿನ ಬೀಗದ ಕೈ ಗೋಡೆಯ ಮೊಳೆಯಲ್ಲಿಯೇ ತೂಗುತ್ತಿದೆ. “18 ತುಂಬಿದ ಮಾರನೆಯ ದಿನವೇ ಎಲ್.ಎಲ್.ಗೆ ಅರ್ಜಿ ಹಾಕಿಸುತ್ತೇನೆ, ಪಕ್ಕದಲ್ಲಿದ್ದು ಕಲಿಸುತ್ತೇನೆ” ಎಂದು ಅವನಿಗೆ ಮಾತು ಕೊಟ್ಟಿದ್ದೇನೆ. ಆ ದಿನ ಅವನಿಗೆ ಗಾಡಿ ನಡೆಸುವುದನ್ನು ಹೇಳಿಕೊಡುವ ಮೊದಲು, ಇಂದಿಗೂ ನನ್ನ ಪುಸ್ತಕದೊಳಗಿರುವ ಆ 500 ರೂಪಾಯಿಯ ಚೀಟಿಯನ್ನು ಅವನ ಕೈಗೆ ಕೊಟ್ಟು, ಗಟ್ಟಿಯಾಗಿ ಓದೆಂದು ಹೇಳುವವನಿದ್ದೇನೆ.