ಮ್ಯಾಕ್‌ನಲ್ಲಿ ಮಾಡಿ, ಲೋಕಲ್‌ನಲ್ಲಿ ನೋಡಿ: ಗೋರೆಗಾಂವ್‌ನ ವೆಬ್ ಡಿಸೈನರ್‌ಗೆ ಯಶಸ್ಸಿನ ಸೂತ್ರಗಳು

ಊರಲ್ಲಿ ಡಿಗ್ರಿ ಮುಗಿಸಿ, ಮುಂಬೈಯ ಗೋರೆಗಾಂವ್‌ನಲ್ಲಿ ಸೋದರಮಾವನ ಮನೆಯ ಮೂಲೆಯಲ್ಲೊಂದು ಮೇಜು ಹಾಕಿಕೊಂಡು ವೆಬ್ ಡಿಸೈನ್ ಶುರು ಮಾಡುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಅಣ್ಣಾ, ಯಾವ ಮ್ಯಾಕ್ ತಗೊಳ್ಳಲಿ?" ಕೇಳುವುದರಲ್ಲಿ ತಪ್ಪಿಲ್ಲ. ನನಗೂ ಮ್ಯಾಕ್ ಅಂದರೆ ಪ್ರಾಣ. ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್ ಪುಟ ಕಟ್ಟಿದ್ದು ಸ್ಟೀವ್ ಜಾಬ್ಸ್ ಸ್ಥಾಪಿಸಿದ ನೆಕ್ಸ್ಟ್ ಕಂಪನಿಯ ಕಂಪ್ಯೂಟರಿನಲ್ಲಿ. 1996ರ ಡಿಸೆಂಬರಿನಲ್ಲಿ ಆಪಲ್ ಆ ಕಂಪನಿಯನ್ನು ಕೊಳ್ಳುವುದಾಗಿ ಸಾರಿತು. 2001ರಲ್ಲಿ ಬಂದ ಮ್ಯಾಕ್ ಓಎಸ್ ಟೆನ್ ನಿಂತದ್ದು ನೆಕ್ಸ್ಟ್‌ನ ಅಡಿಪಾಯದ ಮೇಲೆ. ವೆಬ್ಬಿಗೂ ಮ್ಯಾಕಿಗೂ ನೆಂಟಸ್ತಿಕೆ ಅಷ್ಟು ಹಳೆಯದು. ಆದರೆ ನೀವು ಮಾಡಿದ ಪುಟವನ್ನು ತೆರೆದು ನೋಡುವವರ ಕೈಯಲ್ಲಿ ಇರುವುದು ಮ್ಯಾಕ್ ಅಲ್ಲ. ನನ್ನ ಸೂತ್ರಗಳೆಲ್ಲ ಹುಟ್ಟಿದ್ದು ಇಲ್ಲಿಂದ.

1. ಕೊಳ್ಳುವಾಗ ಮೆಮೊರಿ ನೋಡಿ, ಮೆರುಗು ನೋಡಬೇಡಿ.
ಈಗಿನ ಮ್ಯಾಕ್‌ಬುಕ್‌ಗಳಲ್ಲಿ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವ ದಿನ ಎಷ್ಟಿದೆಯೋ ಕೊನೆಯವರೆಗೂ ಅಷ್ಟೇ. ಸೆಕೆಂಡ್ ಹ್ಯಾಂಡ್ ಆದರೆ 2020ರ ಎಂ1 ಚಿಪ್ಪಿನದು, ಇಲ್ಲವೇ ಅದಕ್ಕಿಂತ ಹೊಸದು. ಇಂಟೆಲ್ ಚಿಪ್ಪಿನದು ಅಗ್ಗಕ್ಕೆ ಸಿಕ್ಕಿತೆಂದು ಆಸೆಪಡಬೇಡಿ. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್ ಓಎಸ್‌ನ ಟಾಹೋ ಆವೃತ್ತಿಯೇ ಕೊನೆಯದೆಂದು ಆಪಲ್ 2025ರಲ್ಲಿ ಹೇಳಿಯಾಗಿದೆ. ಹಣ ಕೊಡುವ ಮೊದಲು ಮಾರುವವರು ನಿಮ್ಮೆದುರೇ ತಮ್ಮ ಆಪಲ್ ಖಾತೆಯಿಂದ ಹೊರಬರಲಿ. ಇಲ್ಲದಿದ್ದರೆ ನೀವು ಕೊಂಡದ್ದು ಬೀಗ ಬಿದ್ದ ಪೆಟ್ಟಿಗೆ. ಹೊಸದನ್ನು ಕೈಯಲ್ಲಿ ಹಿಡಿದು ನೋಡಬೇಕೆಂದರೆ 2023ರ ಏಪ್ರಿಲ್ 18ರಂದು ಬಾಗಿಲು ತೆರೆದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ (ಬಿಕೆಸಿ) ಆಪಲ್ ಮಳಿಗೆಯಿದೆ. ಬಾಂದ್ರಾದಲ್ಲಿ ಇಳಿದರಾಯಿತು.

2. ಲೋಕಲ್ ರೈಲೇ ನಿಮ್ಮ ಪರೀಕ್ಷಾ ಕೋಣೆ.
ಚರ್ಚ್‌ಗೇಟ್‌ಗೆ ಹೋಗುವ ಒಂದಷ್ಟು ಸ್ಲೋ ಲೋಕಲ್‌ಗಳು ಗೋರೆಗಾಂವ್‌ನಿಂದಲೇ ಹೊರಡುತ್ತವೆ. ಸ್ವಲ್ಪ ಮೊದಲೇ ಹೋದರೆ ಕೂರಲು ಜಾಗ ಸಿಗುತ್ತದೆ. ಕೂತು ಮ್ಯಾಕ್ ತೆರೆಯಬೇಡಿ. ಹಳೆಯದೊಂದು ಆಂಡ್ರಾಯ್ಡ್ ಫೋನ್ ತೆಗೆಯಿರಿ. ನಿನ್ನೆ ಮುಗಿಸಿದ ಸೈಟನ್ನು ಅದರಲ್ಲಿ ತೆರೆಯಿರಿ. ರಾಮ್ ಮಂದಿರ್, ಜೋಗೇಶ್ವರಿ, ಅಂಧೇರಿ ದಾಟುವಾಗ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಮನೆಯ ವೈಫೈಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದ ಫೋಟೊ ಇಲ್ಲಿ ಅರ್ಧಕ್ಕೇ ನಿಂತಿದೆಯೇ? ಚಿತ್ರದ ತೂಕ ಇಳಿಸಿ. ಕಿಟಕಿಯ ಬಿಸಿಲು ಬಿದ್ದಾಗ ತೆಳು ಬೂದು ಅಕ್ಷರ ಮಾಯವಾಯಿತೇ? ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಕಾಂಟ್ರಾಸ್ಟ್ ಇರಬೇಕು ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ನೆರವಿಗೆ ಬರುವುದು ಇಲ್ಲೂ. ಒಂದು ಕೈ ಮೇಲಿನ ಹಿಡಿಯಲ್ಲಿದ್ದಾಗ ಇನ್ನೊಂದು ಕೈಯ ಹೆಬ್ಬೆರಳಿಗೆ 'ಆರ್ಡರ್ ಮಾಡಿ' ಗುಂಡಿ ಎಟಕುತ್ತದೆಯೇ? ವಾಪಸು ಬರುವಾಗ ನಿಂತುಕೊಂಡೇ ನೋಡಿ. ಗಿರಾಕಿ ನೋಡುವುದು ಹಾಗೆಯೇ.

3. ಒತ್ತಕ್ಷರಕ್ಕೆ ಜಾಗ ಕೊಡಿ.
ಇದು ನಾನು ಪೆಟ್ಟು ತಿಂದು ಕಲಿತದ್ದು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಉಡುಪಿ ಕಡೆಯವರೊಬ್ಬರ ಹೋಟೆಲಿಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಮೆನು ಪುಟ ಮಾಡಿದ್ದೆ. ನನ್ನ ಮ್ಯಾಕ್‌ನಲ್ಲಿ ಮುತ್ತು ಪೋಣಿಸಿದ ಹಾಗಿತ್ತು. ಮರುದಿನ ಧಣಿಗಳು ಗಲ್ಲಾದ ಮೇಲಿಂದ ಫೋನ್ ತಿರುಗಿಸಿ ತೋರಿಸಿದರು: "ತಮ್ಮಾ, ನಮ್ಮ ಪತ್ರೊಡೆಯ ಒತ್ತು ಎಲ್ಲಿ ಹೋಯ್ತು?" ನೋಡಿದರೆ 'ಪತ್ರೊಡೆ' ಹೋಗಿ 'ಪತೊಡೆ', 'ಕೊಟ್ಟೆ ಕಡುಬು' ಹೋಗಿ 'ಕೊಟೆ ಕಡುಬು'. ನಾನು ವೆಬ್ ಫಾಂಟ್ ಜೋಡಿಸಿರಲಿಲ್ಲ. ಮ್ಯಾಕ್ ತನ್ನ ಕನ್ನಡ ಫಾಂಟ್ ತೋರಿಸಿತ್ತು, ಅವರ ಆಂಡ್ರಾಯ್ಡ್ ತನ್ನದನ್ನು ತೋರಿಸಿತು. ಎರಡರ ಎತ್ತರವೇ ಬೇರೆ. ಇಂಗ್ಲಿಷಿಗೆ ಅಳೆದು ಮಾಡಿದ ಪಟ್ಟಿಯ ಅಂಚು ಅಕ್ಷರದ ಕೆಳಗಿನ ಒತ್ತನ್ನು ಕತ್ತರಿಸಿ ಹಾಕಿತ್ತು.

ಅಂದಿನಿಂದ ನನ್ನ ಪದ್ಧತಿ ಹೀಗೆ. ಫಾಂಟನ್ನು ಸೈಟಿನ ಜೊತೆಗೇ ಕಳಿಸುತ್ತೇನೆ. ನೋಟೋ ಸಾನ್ಸ್ ಕನ್ನಡ ಇದೆ. ನಮ್ಮ ಮುಂಬೈಯದೇ ಆದ ಏಕ್ ಟೈಪ್ ಬಳಗ ರೂಪಿಸಿದ ಬಾಲೂ ತಮ್ಮ, ಅನೇಕ್ ಕನ್ನಡ ಇವೆ. ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ. ಇಂಗ್ಲಿಷಿಗೆ 1.4 ಲೈನ್ ಹೈಟ್ ಸಾಕಾದರೆ ಕನ್ನಡಕ್ಕೆ 1.7 ಇಡುತ್ತೇನೆ. ಗುಂಡಿಗಳಿಗೆ ಎತ್ತರ ನಿಗದಿ ಮಾಡುವುದಿಲ್ಲ, ಒಳಗಿನ ಅಕ್ಷರವೇ ಅದನ್ನು ಹಿಗ್ಗಿಸಲಿ. ಪರೀಕ್ಷೆಗೆ ಸದಾ ಬರೆದು ನೋಡುವ ಪದ 'ರಾಷ್ಟ್ರೀಯ': ಒತ್ತಿನ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಅದು ಪೂರ್ತಿ ಕಂಡರೆ ಉಳಿದದ್ದೂ ಕಾಣುತ್ತದೆ.

4. ಬಣ್ಣ ಆರಿಸುವಾಗ ಮ್ಯಾಕ್ ಪರದೆಯ ಟ್ರೂ ಟೋನ್, ನೈಟ್ ಶಿಫ್ಟ್ ಎರಡನ್ನೂ ಬಂದ್ ಮಾಡಿ.
ಅವು ಕಣ್ಣಿಗೆ ಹಿತ, ಆದರೆ ಪರದೆಯ ಬಣ್ಣವನ್ನೇ ಬದಲಿಸುತ್ತವೆ. ಮ್ಯಾಕ್ ಪರದೆಯ ಕೆಂಪು ಅಗ್ಗದ ಫೋನಿನಲ್ಲಿ ಅಷ್ಟು ಕೆಂಪಾಗಿ ಬರುವುದಿಲ್ಲ, ಅದೂ ನೆನಪಿರಲಿ.

5. ಕನ್ನಡದಲ್ಲಿ ನೋಡದೆ ಟೈಪ್ ಮಾಡಲು ಕಲಿಯಿರಿ.
ಮ್ಯಾಕ್‌ನಲ್ಲಿ ಕನ್ನಡ ಕೀಲಿಮಣೆ ಮೊದಲೇ ಇದೆ, ಸೆಟ್ಟಿಂಗ್ಸ್‌ಗೆ ಹೋಗಿ ಸೇರಿಸಿಕೊಂಡರೆ ಸಾಕು. ಕಂಪ್ಯೂಟರಿಗೆ ಕನ್ನಡ ಕಲಿಸಿದ ಹಿರಿಯರಲ್ಲಿ ಮೊದಲಿಗರಾದ ಕೆ.ಪಿ. ರಾವ್ ಮಂಗಳೂರು ಬಳಿಯ ಕಿನ್ನಿಕಂಬಳದವರು. ದುಡಿದದ್ದು ಇದೇ ಮುಂಬೈಯಲ್ಲಿ, ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯಲ್ಲಿ, ಟಾಟಾ ಪ್ರೆಸ್ಸಿನಲ್ಲಿ. ಇಂಗ್ಲಿಷ್ ಕೀಲಿಗಳ ಮೇಲೆಯೇ ಉಚ್ಚಾರಣೆಗೆ ಹೊಂದುವಂತೆ ಅವರು ಜೋಡಿಸಿದ ವಿನ್ಯಾಸವೇ 'ನುಡಿ' ತಂತ್ರಾಂಶದ ಕೀಲಿಮಣೆಗೆ ಮೂಲ. ಈ ನಗರದಲ್ಲಿದ್ದುಕೊಂಡು ನಾವು ಕನ್ನಡವನ್ನು ಇನ್ನೊಬ್ಬರಿಂದ ಟೈಪ್ ಮಾಡಿಸಿಕೊಳ್ಳಬಾರದು.

ಇನ್ನೊಂದು ಮಾತು. ಸಂಘ ಸಂಸ್ಥೆಗಳು ಕೊಡುವ ಕಡತ ಹೆಚ್ಚಾಗಿ ಹಳೆಯ ನುಡಿ ಫಾಂಟಿನಲ್ಲಿರುತ್ತದೆ. ಹಾಗೇ ಅಂಟಿಸಿದರೆ ವೆಬ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು. ಮೊದಲು ಯೂನಿಕೋಡಿಗೆ ಬದಲಿಸಿ, ಆಮೇಲೆ ಅರ್ಕಾವೊತ್ತು ಇರುವ ಪ್ರತಿ ಪದವನ್ನೂ ಕಣ್ಣಿಟ್ಟು ಓದಿ. ಪರಿವರ್ತನೆಯಲ್ಲಿ ಎಡವಟ್ಟಾಗುವುದು ಅಲ್ಲೇ ಹೆಚ್ಚು. ಯೂನಿಕೋಡ್ ಆದರೆ ಮಾತ್ರ ಹುಡುಕಿದವರಿಗೆ ಸಿಗುತ್ತದೆ.

6. ಮಳೆಗಾಲಕ್ಕೆ ಮುಂಚೆ ಬ್ಯಾಕಪ್.
2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ ಬಿದ್ದ ಮಳೆ 944 ಮಿಲಿಮೀಟರ್. ನೆಲಮಹಡಿಯಲ್ಲಿರುವವರು ಈ ಸಂಖ್ಯೆಯನ್ನು ಮರೆಯಬೇಡಿ. ಮ್ಯಾಕ್‌ನ ಟೈಮ್ ಮೆಷಿನ್ ಬ್ಯಾಕಪ್ಪಿಗೆ ಒಂದು ಹಾರ್ಡ್ ಡಿಸ್ಕ್, ಇನ್ನೊಂದು ಪ್ರತಿ ಮನೆಯ ಹೊರಗೆ, ಕ್ಲೌಡಿನಲ್ಲಾಗಲಿ ತಂಗಿಯ ಮನೆಯಲ್ಲಾಗಲಿ. 2020ರ ಅಕ್ಟೋಬರ್ 12ರಂದು ಮುಂಬೈಗೆ ಮುಂಬೈಯೇ ಕರೆಂಟಿಲ್ಲದೆ ಕೂತಾಗ ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ವೈಫೈ ರೂಟರಿಗೆ ಇರಲಿಲ್ಲ. ರೂಟರಿಗೊಂದು ಪುಟ್ಟ ಯುಪಿಎಸ್ ಹಾಕಿಸಿ.

7. ಹಣದ ಮಾತು ಮೊದಲ ಭೇಟಿಯಲ್ಲೇ ಆಗಲಿ.
ಅರ್ಧ ಮುಂಗಡ, ಉಳಿದದ್ದು ಸೈಟ್ ಚಾಲೂ ಆಗುವ ಮುನ್ನ. ಎಷ್ಟು ಸಲ ತಿದ್ದಿಕೊಡುತ್ತೀರಿ ಎಂಬುದೂ ಬರಹದಲ್ಲಿರಲಿ. "ನಮ್ಮವರೇ ಅಲ್ವಾ" ಎಂದು ಯಾರಾದರೂ ಅಂದರೆ ರಿಯಾಯಿತಿ ಕೊಡಿ, ಆದರೆ ಆ ರಿಯಾಯಿತಿಯನ್ನೂ ಬಿಲ್ಲಿನಲ್ಲಿ ಬರೆಯಿರಿ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ.

ಡೊಮೇನ್ ಹೆಸರನ್ನು ಗಿರಾಕಿಯ ಹೆಸರಿನಲ್ಲೇ, ಅವರದೇ ಈಮೇಲಿನಲ್ಲಿ ನೋಂದಾಯಿಸಿ. ಅದನ್ನು ತಮ್ಮ ಕೈಯಲ್ಲಿಟ್ಟುಕೊಂಡು ಗಿರಾಕಿಯನ್ನು ಕಟ್ಟಿಹಾಕುವ ಚಾಳಿ ನಮ್ಮ ಕಸುಬಿನಲ್ಲಿದೆ. ಅದು ಮೋಸ. ಹಾಗೆ ಮಾಡಬೇಡಿ.

8. ಬೆಳಗ್ಗೆ ಆರೆ ಕಾಲೊನಿಯಲ್ಲಿ ಅರ್ಧ ಗಂಟೆ ನಡೆಯಿರಿ.
ಫೋನ್ ಜೇಬಿನಲ್ಲೇ ಇರಲಿ. ದಿನವಿಡೀ ಒಂದಡಿ ದೂರದ ಪರದೆ ನೋಡುವ ಕಣ್ಣಿಗೆ ದೂರದ ಮರ ಬೇಕು.

9. ವರ್ಷಕ್ಕೊಂದು ಕೆಲಸ ಕನ್ನಡಕ್ಕೆ.
ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು ಈ ನಗರದಲ್ಲಿ ಕನ್ನಡ ಸಂಘಗಳನ್ನು ಕಟ್ಟಿದರು, ನಾಟಕ ಆಡಿದರು, ಯಕ್ಷಗಾನ ಕುಣಿದರು. ಗೋರೆಗಾಂವ್‌ನಲ್ಲೇ ನಮ್ಮ ಕರ್ನಾಟಕ ಸಂಘ ಇದೆ. ಸಂಘ ಕಟ್ಟಿದ ಆ ಹಿರಿಯರ ಕತೆ ಎಷ್ಟೋ ಕಡೆ ಇರುವುದು ಬರೀ ಸ್ಮರಣ ಸಂಚಿಕೆಗಳಲ್ಲಿ. ಹಳದಿಗಟ್ಟಿದ ಪುಟ, ತುಕ್ಕು ಹಿಡಿದ ಪಿನ್ನು. ಅಂಥ ಒಂದು ಸಂಚಿಕೆ ನಿಮ್ಮ ಕಟ್ಟಡದಲ್ಲೇ ಯಾರೋ ಹಿರಿಯರ ಕಪಾಟಿನಲ್ಲಿ ಇದ್ದೀತು. ಈ ಭಾನುವಾರ ಹೋಗಿ ಕೇಳಿ. ಬರೆದವರ, ಸಂಘದವರ ಒಪ್ಪಿಗೆ ಪಡೆಯಿರಿ, ಪುಟ ಪುಟವನ್ನೂ ಯೂನಿಕೋಡಿನಲ್ಲಿ ಟೈಪ್ ಮಾಡಿ, ಫೋಟೊಗಳ ಕೆಳಗೆ ಹೆಸರು ಕೇಳಿ ಬರೆದುಕೊಳ್ಳಿ, ಚಂದದೊಂದು ಸೈಟ್ ಮಾಡಿ. ಹೆಸರು ಬಲ್ಲವರು ಇರುವಾಗಲೇ ಹೋಗಿ.